ಗೇರಿಗೆ ಹಾಕಿದೊಡನೆ ಆಫ್ ಆಗುವ ಆಟೊಮ್ಯಾಟಿಕ್ ಕಾರು

ಪ್ರಶ್ನೆ: ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ನಡೆಸುವವನು. ಮಂಡಿನೋವಿನಿಂದ ಕ್ಲಚ್ ತುಳಿಯುವುದು ಕಷ್ಟವಾದ ಮೇಲೆ, 2014ರ ಮಾದರಿಯ ನಾಲ್ಕು ಗೇರಿನ ಪೆಟ್ರೋಲ್ ಆಟೊಮ್ಯಾಟಿಕ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಎರಡು ವರ್ಷ ಚೆನ್ನಾಗಿಯೇ ಓಡಿತು. ಮೂರು ವಾರಗಳಿಂದ, ಸ್ಟಾರ್ಟ್ ಮಾಡಿ ‘ಡಿ’ಗೋ (ಮುಂದಕ್ಕೆ) ‘ಆರ್’ಗೋ (ಹಿಂದಕ್ಕೆ) ಹಾಕಿದ ಕೂಡಲೇ ಎಂಜಿನ್ ಒಮ್ಮೆ ನಡುಗಿ ನಿಂತುಹೋಗುತ್ತದೆ, ಎ.ಸಿ. ಹಾಕಿದ್ದರಂತೂ ಖಂಡಿತ. ‘ಪಿ’ (ಪಾರ್ಕಿಂಗ್) ಮತ್ತು ‘ಎನ್’ನಲ್ಲಿ (ನ್ಯೂಟ್ರಲ್) ನಿಲ್ಲುವುದಿಲ್ಲ. ಸ್ವಲ್ಪ ರೇಸ್ ಕೊಟ್ಟು ಹೊರಟರೆ ಬೆಂಗಳೂರಿನವರೆಗೂ ತಕರಾರಿಲ್ಲ. ಗ್ಯಾರೇಜಿನವರು ಗೇರ್ ಬಾಕ್ಸ್ ಬಿಚ್ಚಬೇಕು, ಒಂದೂಕಾಲು ಲಕ್ಷವಾಗುತ್ತದೆ ಎನ್ನುತ್ತಾರೆ. ತೊಂದರೆ ಶುರುವಾಗುವ ಮುನ್ನ ಹೊಸ ಬ್ಯಾಟರಿ ಹಾಕಿಸಿದ್ದು ಬಿಟ್ಟರೆ ಬೇರೇನೂ ಮಾಡಿಸಿಲ್ಲ. ಗೇರ್ ಬಾಕ್ಸ್ ಬಿಚ್ಚಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಮಾತು ನೀವು ಕೊನೆಯಲ್ಲಿ, ಲೆಕ್ಕಕ್ಕಿಲ್ಲದ್ದೆಂಬಂತೆ ಬರೆದ ಬ್ಯಾಟರಿಯ ಸಂಗತಿ. ಅದಕ್ಕೆ ಬರುವ ಮುನ್ನ, ಗೇರಿಗೆ ಹಾಕಿದಾಗ ಒಳಗೆ ನಡೆಯುವುದೇನು ಎಂಬುದನ್ನು ನೋಡೋಣ.

ನಿಮ್ಮ ಕಾರಿನಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟಿನ ಬದಲು ಟಾರ್ಕ್ ಕನ್ವರ್ಟರ್ ಎಂಬ, ಎಣ್ಣೆ ತುಂಬಿದ ದುಂಡನೆಯ ಡಬ್ಬಿಯಿದೆ. ಎಂಜಿನ್ ಕಡೆಯ ರೆಕ್ಕೆಗಳು ತಿರುಗಿ ಎಣ್ಣೆಯನ್ನು ಎರಚುತ್ತವೆ. ಆ ಎಣ್ಣೆಯ ರಭಸಕ್ಕೆ ಗೇರ್ ಬಾಕ್ಸ್ ಕಡೆಯ ರೆಕ್ಕೆಗಳು ತಿರುಗುತ್ತವೆ. ಎರಡಕ್ಕೂ ಗಟ್ಟಿ ಬೆಸುಗೆ ಇಲ್ಲದಿರುವುದರಿಂದಲೇ, ‘ಡಿ’ಯಲ್ಲಿ ಬ್ರೇಕ್ ತುಳಿದು ನಿಂತಿದ್ದರೂ ಎಂಜಿನ್ ಆಫ್ ಆಗುವುದಿಲ್ಲ. ಆದರೆ ಹೊರೆ ಏನೂ ಬೀಳುವುದಿಲ್ಲವೆಂದಲ್ಲ. ಎಣ್ಣೆಯನ್ನು ಕಲಕುವ ಶ್ರಮ ಎಂಜಿನ್ ಮೇಲೆ ಬಿದ್ದೇ ಬೀಳುತ್ತದೆ, ಎ.ಸಿ. ಹಾಕಿದ್ದರೆ ಕಂಪ್ರೆಸರಿನ ಹೊರೆ ಅದರ ಜೊತೆಗೆ ಸೇರುತ್ತದೆ. ಹೀಗಾಗಿ ಗೇರಿಗೆ ಹಾಕಿದೊಡನೆ ಎಂಜಿನ್ ನಿಲ್ಲುವುದಕ್ಕೆ ಮೂಲದಲ್ಲಿ ಎರಡೇ ದಾರಿ: ಹೊರೆ ಎಂದಿನಷ್ಟೇ ಇದ್ದು ಅದನ್ನು ಹೊರುವ ಶಕ್ತಿ ಎಂಜಿನ್ನಿಗೆ ಐಡ್ಲಿಂಗ್‌ನಲ್ಲಿ, ಅಂದರೆ ರೇಸ್ ಕೊಡದೆ ನಡೆಯುವಾಗ, ಇಲ್ಲವಾಗಿರಬೇಕು, ಇಲ್ಲವೇ ಎಂಜಿನ್ ಸರಿಯಿದ್ದು ಗೇರ್ ಬಾಕ್ಸ್ ಅದನ್ನು ಅತಿಯಾಗಿ ಹಿಡಿಯುತ್ತಿರಬೇಕು.

ಎರಡನೆಯದಕ್ಕೆ ಕಾರಣ ಸಾಮಾನ್ಯವಾಗಿ ಲಾಕ್-ಅಪ್ ಕ್ಲಚ್. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎಣ್ಣೆಯ ಜಾರಿಕೆಯಿಂದ ಪೆಟ್ರೋಲ್ ವ್ಯರ್ಥವಾಗದಿರಲೆಂದು ಕನ್ವರ್ಟರಿನ ಎರಡೂ ಕಡೆಗಳನ್ನು ಒಂದಾಗಿ ಬಂಧಿಸುವ ಕ್ಲಚ್ ಅದು. ಅದನ್ನು ನಡೆಸುವುದು ವಿದ್ಯುತ್ತಿನ ಸಾಲನಾಯ್ಡ್ ವಾಲ್ವ್. ಆ ವಾಲ್ವ್ ಸಿಕ್ಕಿಹಾಕಿಕೊಂಡು ಕ್ಲಚ್ ಬಿಡದೇ ಹೋದರೆ, ಮ್ಯಾನ್ಯುಯಲ್ ಕಾರನ್ನು ಗೇರಿನಲ್ಲಿಟ್ಟು ಕ್ಲಚ್ ತುಳಿಯದೆ ಬ್ರೇಕ್ ಹಾಕಿದಂತೆಯೇ ಆಗುತ್ತದೆ. ಆದರೆ ಅದರ ಲಕ್ಷಣಗಳು ನೀವು ಬರೆದವುಗಳಲ್ಲ. ಗೇರಿಗೆ ಹಾಕಿದಾಗ ಕಾರು ಮುಂದಕ್ಕೆ ಕುಕ್ಕರಿಸಿ ನಿಲ್ಲುತ್ತದೆ. ಹೆದ್ದಾರಿಯಿಂದ ಬಂದು ಸಿಗ್ನಲ್ಲಿಗೆ ನಿಧಾನಿಸುವಾಗಲೂ ಗದಗದನೆ ಅದುರಿ, ಕಾರು ಪೂರ್ತಿ ನಿಲ್ಲುವ ಮೊದಲೇ ಎಂಜಿನ್ ಆಫ್ ಆಗುತ್ತದೆ. ಸ್ವಲ್ಪ ರೇಸ್ ಕೊಟ್ಟ ಮಾತ್ರಕ್ಕೆ ಅದು ಮೆತ್ತಗೆ ಹೊರಡುವುದಿಲ್ಲ.

ಅನುಮಾನವಿದ್ದರೆ ನೀವೇ ನೋಡಿಕೊಳ್ಳಬಹುದು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಕಾರಿನ ಎದುರಿಗಾಗಲಿ ಹಿಂದಾಗಲಿ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಎಂಜಿನ್ ಬಿಸಿಯಾದ ಮೇಲೆ ಬ್ರೇಕನ್ನು ಬಲವಾಗಿ ತುಳಿದಿರಿ. ‘ಎನ್’ನಲ್ಲಿ ಇನ್ನೊಂದು ಕಾಲಿನಿಂದ ಮೆಲ್ಲನೆ ರೇಸ್ ಕೊಟ್ಟು ಆರ್‌ಪಿಎಂ ಮುಳ್ಳನ್ನು ಸಾವಿರದ ಹತ್ತಿರಕ್ಕೆ ತನ್ನಿ, ಆಮೇಲೆ ‘ಡಿ’ಗೆ ಹಾಕಿ. ಮುಳ್ಳು ತುಸು ಇಳಿದು ಎಂಜಿನ್ ಸಲೀಸಾಗಿ ನಡೆಯುತ್ತಿದ್ದರೆ ಗೇರ್ ಬಾಕ್ಸ್ ಹೆಚ್ಚು ಕಡಿಮೆ ನಿರಪರಾಧಿ. ಅಷ್ಟು ರೇಸಿನಲ್ಲೂ ಕಾರು ಎಗರಿ ಆಫ್ ಆದರೆ ಲಾಕ್-ಅಪ್ ಕಡೆ ನೋಡಬೇಕು. ಬ್ರೇಕ್ ತುಳಿದುಕೊಂಡೇ ಪೂರ್ತಿ ರೇಸ್ ಕೊಟ್ಟು ನೋಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಗೇರ್ ಆಯಿಲ್ ಕೆಲವೇ ಸೆಕೆಂಡುಗಳಲ್ಲಿ ಕಾದು ಹಾಳಾಗುತ್ತದೆ.

ಈಗ ಬ್ಯಾಟರಿಯ ವಿಷಯ. ಐಡ್ಲಿಂಗ್‌ನಲ್ಲಿ ಎಂಜಿನ್ ಉಸಿರಾಡುವುದು ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಭಾಗ) ತಟ್ಟೆಯ ಅಂಚಿನಲ್ಲಿರುವ ಕೂದಲೆಳೆಯಷ್ಟು ಸಂದಿಯಿಂದ. ವರ್ಷಗಳು ಕಳೆದಂತೆ ಆ ಅಂಚಿನಲ್ಲಿ ಮಸಿ ಕಟ್ಟುತ್ತದೆ. ಚಿಕ್ಕಬಳ್ಳಾಪುರದ ಕಡೆ ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳ ದಾರಿಯಲ್ಲಿ ನಿತ್ಯ ಓಡಾಡುವ ಕಾರುಗಳಲ್ಲಿ ಏರ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಮಸಿಯ ಜೊತೆಗೆ ದೂಳೂ ಮೆತ್ತಿಕೊಳ್ಳುತ್ತದೆ. ಸಂದಿ ಕಿರಿದಾದಂತೆಲ್ಲ ಎಂಜಿನ್ನಿನ ಕಂಪ್ಯೂಟರ್ ತಟ್ಟೆಯನ್ನು ಒಂದಿಷ್ಟೊಂದಿಷ್ಟೇ ಹೆಚ್ಚಾಗಿ ತೆರೆದು, ಆ ಅಳತೆಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತಾ ಬರುತ್ತದೆ. ಆದ್ದರಿಂದ ಮಾಲೀಕನಿಗೆ ಏನೂ ಗೊತ್ತಾಗುವುದಿಲ್ಲ. ಬ್ಯಾಟರಿ ಬಿಚ್ಚಿದ ದಿನ ಬಹಳಷ್ಟು ಕಾರುಗಳಲ್ಲಿ ಆ ನೆನಪು ಅಳಿಸಿಹೋಗುತ್ತದೆ, ಕಂಪ್ಯೂಟರ್ ಹೊಸ ಕಾರಿನ ಅಳತೆಗೆ ಮರಳುತ್ತದೆ. ಥ್ರಾಟಲ್ ಮಾತ್ರ ಹತ್ತು ವರ್ಷದ ಮಸಿಯದ್ದು. ಬರುವ ಗಾಳಿ ‘ಪಿ’ಯಲ್ಲಿ ಎಂಜಿನ್ ಉಸಿರು ಹಿಡಿದಿರಲು ಸಾಕಾಗುತ್ತದೆ, ಗೇರಿನ ಹೊರೆ ಬಿದ್ದಾಗ ಸಾಲುವುದಿಲ್ಲ. ನೀವು ರೇಸ್ ಕೊಟ್ಟಾಗ ಸರಿಹೋಗುವುದೂ ಇದಕ್ಕೇ: ಕಂಪ್ಯೂಟರ್ ತೆರೆಯಬೇಕಿದ್ದ ಸಂದಿಯನ್ನು ನಿಮ್ಮ ಪಾದ ತೆರೆಯುತ್ತಿದೆ.

ಆದ್ದರಿಂದ ಮೊದಲು ಥ್ರಾಟಲ್ ಬಾಡಿಯನ್ನು ಅದಕ್ಕೆಂದೇ ಸಿಗುವ ಸ್ಪ್ರೇ ಮತ್ತು ಮೆತ್ತನೆ ಬಟ್ಟೆಯಿಂದ ಸ್ವಚ್ಛ ಮಾಡಿಸಿ. ಇಗ್ನಿಷನ್ ಆನ್ ಇರುವಾಗ ತಟ್ಟೆಯನ್ನು ಬೆರಳಿನಿಂದ ತಳ್ಳಲು ಬಿಡಬೇಡಿ. ಅದನ್ನು ತಿರುಗಿಸುವ ಪುಟ್ಟ ಮೋಟಾರಿಗೆ ಪೆಟ್ಟಾಗಬಹುದು, ಬೆರಳಿಗೂ ಆಗಬಹುದು. ಏರ್ ಫಿಲ್ಟರ್ ಬದಲಿಸಿ. ಆಮೇಲೆ ಕಂಪ್ಯೂಟರಿಗೆ ಐಡ್ಲಿಂಗ್ ಅಳತೆಯನ್ನು ಮತ್ತೆ ಕಲಿಸಬೇಕು. ಕೆಲವು ಮಾದರಿಗಳಲ್ಲಿ ಎ.ಸಿ., ಲೈಟು ಎಲ್ಲವನ್ನೂ ಆರಿಸಿ ಬಿಸಿಯಾದ ಎಂಜಿನ್ನನ್ನು ಕೆಲವು ನಿಮಿಷ ಸುಮ್ಮನೆ ನಡೆಯಲು ಬಿಟ್ಟರೆ ಅದು ತಾನೇ ಕಲಿಯುತ್ತದೆ, ಕೆಲವಕ್ಕೆ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರಿಗೆ ಜೋಡಿಸಿ ದೋಷಗಳ ಕೋಡ್ ಓದುವ ಉಪಕರಣ, ಬೇಕು. ಈ ಹಂತ ಬಿಟ್ಟುಬಿಟ್ಟು ‘ಕ್ಲೀನ್ ಮಾಡಿಸಿದರೂ ಹೋಗಲಿಲ್ಲ’ ಎಂದು ಬರೆಯುವವರು ಹಲವರಿದ್ದಾರೆ.

ಅದರಿಂದಲೂ ಹೋಗದಿದ್ದರೆ ಇನ್ನೆರಡು ಕಡೆ ನೋಡಿ. ‘ಪಿ’ಯಿಂದ ಗೇರು ತೆಗೆಯುವಾಗ ನಿಮ್ಮ ಕಾಲು ಹೇಗೂ ಬ್ರೇಕಿನ ಮೇಲಿರುತ್ತದೆಯಲ್ಲವೇ? ಎಂಜಿನ್ನಿನ ಗಾಳಿ ಸೆಳೆತದಿಂದ ಬ್ರೇಕಿಗೆ ಬಲ ಕೊಡುವ ಬ್ರೇಕ್ ಬೂಸ್ಟರಿನ ಒಳಪೊರೆ ಹರಿದಿದ್ದರೆ, ಬ್ರೇಕ್ ತುಳಿದಾಗ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿಗೆ ನುಗ್ಗಿ ಅದು ನಡುಗುತ್ತದೆ. ನಾವು ಅದನ್ನು ಗೇರಿನ ತಲೆಗೆ ಕಟ್ಟುತ್ತೇವೆ. ಗೇರು ಮುಟ್ಟದೆ ‘ಪಿ’ಯಲ್ಲೇ ಬ್ರೇಕನ್ನು ನಾಲ್ಕಾರು ಬಾರಿ ತುಳಿದು ನೋಡಿ. ಎಂಜಿನ್ ತಗ್ಗಿದರೆ, ಪೆಡಲಿನ ಬಳಿ ಬುಸ್ಸೆಂಬ ಸದ್ದು ಕೇಳಿದರೆ, ಕಳ್ಳ ಸಿಕ್ಕಂತೆಯೇ. ಇನ್ನೊಂದು, ಎಂಜಿನ್ನನ್ನು ಕಾರಿಗೆ ಹಿಡಿದು ನಿಲ್ಲಿಸುವ ಎಂಜಿನ್ ಮೌಂಟಿಂಗ್. ಅದರ ರಬ್ಬರ್ ಹರಿದಿದ್ದರೆ ಗೇರಿಗೆ ಹಾಕಿದಾಗ ಎಂಜಿನ್ ಒಂದು ಮಗ್ಗುಲಿಗೆ ವಾಲಿ, ಬಿರುಕು ಬಿಟ್ಟ ಗಾಳಿ ಪೈಪು ಬಾಯಿ ತೆರೆಯುತ್ತದೆ ಅಥವಾ ಸಡಿಲವಾದ ವೈರು ಬಿಡುತ್ತದೆ. ‘ಆರ್’ನಲ್ಲಿ ಮಾತ್ರ ಅಥವಾ ‘ಡಿ’ಯಲ್ಲಿ ಮಾತ್ರ ನಿಲ್ಲುವ ಕಾರುಗಳಲ್ಲಿ ಇದನ್ನು ಮೊದಲು ನೋಡಬೇಕು, ನಿಮ್ಮದು ಎರಡರಲ್ಲೂ ನಿಲ್ಲುವುದರಿಂದ ಸಂಭವ ಕಡಿಮೆ.

ಗ್ಯಾರೇಜಿನವರು ಗೇರ್ ಬಾಕ್ಸ್ ಎಂದೇ ಪಟ್ಟು ಹಿಡಿದರೆ ಸ್ಕ್ಯಾನರ್ ಹಾಕಿ ತೋರಿಸಲು ಹೇಳಿ. ಲಾಕ್-ಅಪ್ ಬಿಡದೆ ಹಿಡಿದಿದ್ದರೆ ಪಿ0742 ಎಂಬ ಕೋಡ್ ಬರಬಹುದು. ಐಡ್ಲಿಂಗ್ ನಿಯಂತ್ರಣದ ದೋಷಕ್ಕೆ ಪಿ0505, ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದಿರುವುದಕ್ಕೆ ಪಿ0171. ಲಾಕ್-ಅಪ್ ದೋಷವೆಂದೇ ತಿಳಿದುಬಂದರೂ ಎಷ್ಟೋ ಗೇರ್ ಬಾಕ್ಸ್‌ಗಳಲ್ಲಿ ಕೆಳಗಿನ ಆಯಿಲ್ ಪ್ಯಾನ್ ಇಳಿಸಿ ಸಾಲನಾಯ್ಡನ್ನಷ್ಟೇ ಬದಲಿಸಬಹುದು. ಅಂದಹಾಗೆ, ಗೇರ್ ಆಯಿಲ್ ಕಡಿಮೆಯಾದರೆ ಗೇರು ತಡವಾಗಿ ಹಿಡಿಯುತ್ತದೆ, ಜಾರುತ್ತದೆ. ಎಂಜಿನ್ನನ್ನು ಹಿಡಿದು ನಿಲ್ಲಿಸುವುದು ಅದರ ಗುಣವಲ್ಲ. ದುರಸ್ತಿಯಾಗುವವರೆಗೆ ನಂದಿ ಬೆಟ್ಟದಂಥ ಇಳಿಜಾರಿಗೆ ಈ ಕಾರನ್ನು ಒಯ್ಯಬೇಡಿ. ಎಂಜಿನ್ ನಿಂತಾಗ ಸ್ಟೀರಿಂಗ್ ಭಾರವಾಗುತ್ತದೆ, ಬ್ರೇಕಿನ ಸಹಾಯವೂ ಒಂದೆರಡು ತುಳಿತಕ್ಕೆ ಮುಗಿಯುತ್ತದೆ.

ಪ್ರಶ್ನೆ: ನನ್ನ ಆಟೊಮ್ಯಾಟಿಕ್ ಕಾರಿನಲ್ಲಿ ‘ಪಿ’ ಎಂಬ ಸ್ಥಾನವೇ ಇಲ್ಲ. ಬಿಸಿಯಾದ ಮೇಲೆ ‘ಡಿ’ಗೆ ಹಾಕಿದರೆ ಜಗ್ಗಿ ಆಫ್ ಆಗುತ್ತದೆ. ಇದಕ್ಕೂ ಇದೇ ಕಾರಣವೇ? (ಗೌರಿಬಿದನೂರಿನ ಓದುಗರು)

ಉತ್ತರ: ಅಲ್ಲ. ‘ಪಿ’ ಇಲ್ಲದಿದ್ದರೆ ಅದು ಬಹುಮಟ್ಟಿಗೆ ಎಎಂಟಿ (ಆಟೊಮೇಟೆಡ್ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್). 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ದೇಶದ ಸಣ್ಣ ಕಾರುಗಳಿಗೆ ಬಂದ ವ್ಯವಸ್ಥೆಯಿದು. ಮ್ಯಾನ್ಯುಯಲ್ ಗೇರ್ ಬಾಕ್ಸೇ ಇದ್ದು, ಕ್ಲಚ್ ತುಳಿಯುವ, ಗೇರು ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಕ್ಲಚ್ ಪ್ಲೇಟ್ ಸವೆದಿದ್ದರೆ ಅಥವಾ ಆ ಯಂತ್ರ ಕ್ಲಚ್ಚನ್ನು ಪೂರ್ತಿ ಬಿಡಿಸದಿದ್ದರೆ ನೀವು ಹೇಳಿದಂತಾಗುತ್ತದೆ. ಸ್ಕ್ಯಾನರ್‌ನಿಂದ ಕ್ಲಚ್ ಹಿಡಿಯುವ ಬಿಂದುವನ್ನು ಮತ್ತೆ ಕಲಿಸಿ ನೋಡಲಿ; ಅದಕ್ಕೂ ಬಗ್ಗದಿದ್ದರೆ ಪ್ಲೇಟ್ ನೋಡಿಸಿ.

ಪ್ರಶ್ನೆ: ಹೀಗೆ ದಾರಿಯಲ್ಲಿ ನಿಂತ ಆಟೊಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬಹುದೇ? ಹಗ್ಗ ಕಟ್ಟಿ ಎಳೆಯಬಹುದೇ? (ಬಾಗೇಪಲ್ಲಿಯ ಓದುಗರು)

ಉತ್ತರ: ಟಾರ್ಕ್ ಕನ್ವರ್ಟರ್ ಇರುವ ಕಾರು ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ. ಗೇರ್ ಬಾಕ್ಸಿನ ಆಯಿಲ್ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತಿರುವಾಗ ಒತ್ತಡವೇ ಹುಟ್ಟದು, ಒಳಗಿನ ಕ್ಲಚ್‌ಗಳು ಹಿಡಿಯವು. ರಸ್ತೆ ಬದಿಗೆ ಸರಿಸಲು ‘ಎನ್’ನಲ್ಲಿ ತಳ್ಳಿದರೆ ತೊಂದರೆಯಿಲ್ಲ. ಆದರೆ ಹಗ್ಗ ಕಟ್ಟಿ ಬಾಗೇಪಲ್ಲಿಯಿಂದ ಚಿಕ್ಕಬಳ್ಳಾಪುರದವರೆಗೆ ಎಳೆದರೆ, ಎಣ್ಣೆ ಸಿಗದೆ ಒಣಗಿ ತಿರುಗುವ ಗೇರ್ ಬಾಕ್ಸ್ ಅಷ್ಟು ದೂರದಲ್ಲೇ ಸುಟ್ಟುಹೋಗಬಹುದು. ನಾಲ್ಕೂ ಚಕ್ರಗಳು ಮೇಲಿರುವಂತೆ ಒಯ್ಯುವ ಲಾರಿಯನ್ನೇ ಕರೆಸಿ.