ಇಂಗ್ಲೆಂಡಿನಲ್ಲಿ ಯುದ್ಧಕಾಲದ ವಾಯುನೆಲೆಯ ವಸತಿ ಶಿಬಿರದ ಅವಶೇಷ ರನ್‌ವೇಯಿಂದ ಒಂದೆರಡು ಕಿಲೋಮೀಟರ್ ದೂರದ ಕಾಡಿನಲ್ಲಿ ಏಕೆ ಸಿಗುತ್ತದೆ?

ಬೇಕೆಂದೇ ದೂರ ಕಟ್ಟಿದ್ದರು. 1940ರಲ್ಲಿ ಜರ್ಮನ್ ವಿಮಾನಗಳು ಬ್ರಿಟನ್ನಿನ ವಾಯುನೆಲೆಗಳ ಮೇಲೆ ನೇರವಾಗಿ ಬಾಂಬ್ ಹಾಕಿದವು. ಎಲ್ಲರೂ ಒಂದೇ ಕಡೆ ಮಲಗಿದ್ದರೆ ಒಂದೇ ದಾಳಿಗೆ ಎಲ್ಲ ಮುಗಿಯಿತು. ಹಾಗಾಗಿ ಆಮೇಲೆ ಕಟ್ಟಿದ ನೆಲೆಗಳಲ್ಲಿ ಮಲಗುವ ಜಾಗಗಳನ್ನು ಸುತ್ತಲಿನ ಹೊಲ, ತೋಪುಗಳಲ್ಲಿ ಚದುರಿಸಿದರು. ಊಟದ ಮನೆ, ಸ್ನಾನಗೃಹಗಳೂ ಬೇರೆ ಕಡೆ. ಚಳಿಯಲ್ಲಿ ಸ್ನಾನಕ್ಕೂ ಸೈಕಲ್ ಹತ್ತಬೇಕಿತ್ತು, ಪಾಪ!

ಹೆಚ್ಚಿನವು ನಿಸೆನ್ ಗುಡಿಸಲುಗಳು: ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂಥ ತಗಡಿನ ಕಮಾನು. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಪೀಟರ್ ನಿಸೆನ್ ಎಂಬ ಸೇನಾ ಎಂಜಿನಿಯರ್ ರೂಪಿಸಿದ್ದು. ತಗಡು ತುಕ್ಕು ಹಿಡಿದೋ, ಗುಜರಿಗೆ ಹೋಗಿಯೋ ಮಾಯವಾಗಿ, ಎರಡು ತುದಿಯ ಇಟ್ಟಿಗೆ ಗೋಡೆ ಮತ್ತು ಕಾಂಕ್ರೀಟ್ ನೆಲ ಮಾತ್ರ ಉಳಿದಿರುತ್ತದೆ. ಉಳಿದ ಕಟ್ಟಡಗಳದ್ದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ, ನಡುನಡುವೆ ಆಸರೆ ಕಂಬ, ಮೇಲೆ ಸಿಮೆಂಟು ಗಿಲಾವು. ಯುದ್ಧ ಮುಗಿಯುವತನಕ ನಿಂತರೆ ಸಾಕೆಂಬ ಲೆಕ್ಕ. ಎಂಬತ್ತು ವರ್ಷದ ನಂತರವೂ ಕೆಲವು ನಿಂತಿರುವುದೇ ಸೋಜಿಗ.

ಒಂದು ಕಾರಣವೆಂದರೆ, ಅವು ಖಾಲಿ ಬೀಳಲಿಲ್ಲ. 1946ರಲ್ಲಿ ಮನೆಗಳ ಅಭಾವದಿಂದ ಬೇಸತ್ತ ಸುಮಾರು 40 ಸಾವಿರ ಜನ ಇಂಥ ಸೇನಾ ಶಿಬಿರಗಳಿಗೆ ಅನುಮತಿಯಿಲ್ಲದೆ ನುಗ್ಗಿ ಸಂಸಾರ ಹೂಡಿದರು. ಆಮೇಲೆ ಎಷ್ಟೋ ಗುಡಿಸಲುಗಳು ರೈತರ ಹಂದಿ, ಕೋಳಿಗಳ ಪಾಲಾದವು.