ಹೈಸ್ಕೂಲಲ್ಲಿ ಪೌರನೀತಿ ಅಂದ್ರೆ ಬರೀ ಬಾಯಿಪಾಠವೇ?

ಬಾಯಿಪಾಠ ಇದ್ದೇ ಇದೆ. ಸಂವಿಧಾನದ 51ಎ ವಿಧಿಯ 11 ಕರ್ತವ್ಯಗಳನ್ನು ಪರೀಕ್ಷೆಗೆ ಬರೆಯಬೇಕಲ್ವಾ? ಆದರೆ ಉಡುಪಿ ಕಡೆ ಆಸಕ್ತಿಯಿರುವ ಸಮಾಜ ವಿಜ್ಞಾನದ ಟೀಚರ್‌ಗಳು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಶಾಲಾ ಸಂಸತ್ತಿಗೆ ನಾಮಪತ್ರ, ಪ್ರಚಾರ, ಗುಟ್ಟಿನ ಮತದಾನ, ಎಣಿಕೆ ಎಲ್ಲ ಮಾಡಿಸುತ್ತಾರೆ.

ನನಗೆ ಜಾಸ್ತಿ ಮುಖ್ಯ ಅನಿಸುವುದು ಮಕ್ಕಳ ಗ್ರಾಮಸಭೆ, ಅಂದ್ರೆ ಮಕ್ಕಳು ತಮ್ಮ ತೊಂದರೆಗಳನ್ನು ಗ್ರಾಮ ಪಂಚಾಯತ್‌ನವರ ಎದುರು ಹೇಳುವ ಸಭೆ. ಮಕ್ಕಳೇ ಪ್ರತಿನಿಧಿಗಳನ್ನು ಆರಿಸಿ ನಡೆಸುವ ಮಕ್ಕಳ ಪಂಚಾಯತ್ ಪ್ರಯೋಗ ಮೊದಮೊದಲು ನಡೆದ ಜಾಗಗಳಲ್ಲಿ ನಮ್ಮ ಕುಂದಾಪುರವೂ ಒಂದು. ಸಭೆಗೆ ಮೊದಲೇ ಟೀಚರ್ ಮಕ್ಕಳಿಂದ ಪ್ರಶ್ನೆ ಬರೆಸುತ್ತಾರೆ. 'ಮಳೆಗಾಲದಲ್ಲಿ ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ದಾಟಲು ಹೆದರಿಕೆ, ಹಿಡಿದುಕೊಳ್ಳಲು ಕಂಬಿ ಯಾವಾಗ ಹಾಕಿಸುತ್ತೀರಿ?' ಎಂದು ಎಂಟನೇ ಕ್ಲಾಸಿನವಳು ಪಂಚಾಯತ್ ಅಧ್ಯಕ್ಷರನ್ನೇ ಎದುರಿಗೆ ಕೇಳಬಹುದು. ಸುಮ್ನೆ ಕೇಳಿಸಿದರೆ ಸಾಲದು. ಅಧ್ಯಕ್ಷರು ಏನು ಹೇಳಿದರು ಅಂತ ಬರೆದಿಡಿಸಿ, ಕೆಲಸ ಆಗದಿದ್ದರೆ ಮುಂದಿನ ಸಭೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿಸಬೇಕು.