ಅಭಿನಂದನ ಗ್ರಂಥ ಆಧಾರವಾಗುತ್ತದೆಯೇ?

ಪ್ರಶ್ನೆ: ನಮ್ಮ ಮಾವನವರು ನಲವತ್ತು ವರ್ಷ ವೃತ್ತಿ ನಾಟಕ ಕಂಪನಿಗಳಲ್ಲಿ ಪಾತ್ರ ಮಾಡಿದವರು. ಕನ್ನಡ ವಿಕಿಪೀಡಿಯದಲ್ಲಿ ಅವರ ಬಗ್ಗೆ ಲೇಖನ ಬರೆದು, ಅಭಿನಂದನ ಗ್ರಂಥ ಮತ್ತು ಮೂರು ಪತ್ರಿಕೆಗಳ ವರದಿಯನ್ನು ಆಧಾರವಾಗಿ ಕೊಟ್ಟೆ. ‘ಹಿತಾಸಕ್ತಿ ಸಂಘರ್ಷ’ ಎಂದು ಹೇಳಿ ಅರ್ಧ ಅಳಿಸಿದ್ದಾರೆ. ಸೊಸೆ ಬರೆಯಬಾರದೇ?
— ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ನೀವು ಸುಳ್ಳು ಬರೆದಿರೆಂದು ಯಾರೂ ಹೇಳುತ್ತಿಲ್ಲ. ಮನೆಯವರ ಬಗ್ಗೆ ಬರೆಯುವಾಗ ಏನನ್ನು ಬಿಡಬೇಕೆಂಬುದು ಕಾಣುವುದಿಲ್ಲ, ಅಷ್ಟೇ. ಇನ್ನು ಮುಂದೆ ಲೇಖನಕ್ಕೆ ನೀವೇ ಕೈ ಹಾಕಬೇಡಿ. ‘ಈ ಕಲಾವಿದರ ಸೊಸೆ’ ಎಂದು ನಿಮ್ಮ ಸದಸ್ಯ ಪುಟದಲ್ಲಿ ಒಂದು ಸಾಲು ಬರೆದುಕೊಂಡು, ಲೇಖನದ ಚರ್ಚೆ ಪುಟಕ್ಕೆ ಹೋಗಿ. ಈಗಿರುವ ವಾಕ್ಯ, ಆಗಬೇಕಾದ ವಾಕ್ಯ, ಅದಕ್ಕೆ ಆಧಾರ: ಮೂರನ್ನೂ ಅಲ್ಲಿ ಬರೆಯಿರಿ. ಒಂದು ಬೇಡಿಕೆಗೆ ಒಂದೇ ತಿದ್ದುಪಡಿ. ಇಡೀ ಲೇಖನ ಬದಲಿಸಿ ಎಂದರೆ ಯಾರೂ ಮುಟ್ಟುವುದಿಲ್ಲ. ಒಂದೆರಡು ವಾರ ಉತ್ತರ ಬಾರದಿದ್ದರೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟವಾದ ‘ಅರಳಿ ಕಟ್ಟೆ’ಯಲ್ಲಿ ಕೇಳಿ.

ಆಧಾರದ ಮಾತಿಗೆ ಬಂದರೆ, ಅಭಿನಂದನ ಗ್ರಂಥ ತರುವವರು ಸಾಮಾನ್ಯವಾಗಿ ಶಿಷ್ಯರು, ಅಭಿಮಾನಿಗಳು. ಅದರಿಂದ ಹುಟ್ಟೂರು, ಕಂಪನಿಗಳ ಹೆಸರು, ಇಸವಿ ತೆಗೆದುಕೊಳ್ಳಬಹುದು. ‘ರಂಗಭೂಮಿಯ ಧ್ರುವತಾರೆ’ ಎಂಬುದನ್ನು ಅಲ್ಲೇ ಬಿಡಿ. ಮೂರು ವರದಿಗಳನ್ನು ಪಕ್ಕಪಕ್ಕ ಇಟ್ಟು ಓದಿ. ವಾಕ್ಯಗಳು ಒಂದೇ ಆಗಿದ್ದರೆ ಅದು ಸಂಘಟಕರು ಕಳಿಸಿದ ಪತ್ರಿಕಾ ಹೇಳಿಕೆ. ಆಗ ಮೂರೂ ಸೇರಿ ಒಂದೇ ಆಧಾರ, ಅದೂ ಸ್ವತಂತ್ರವಲ್ಲ. ನಿಜಕ್ಕೂ ತೂಕ ಇರುವುದು ಪತ್ರಿಕೆಯವರೇ ಬರೆದ ನಾಟಕ ವಿಮರ್ಶೆಗೆ, ಕಂಪನಿ ನಾಟಕಗಳ ಮೇಲಿನ ಸಂಶೋಧನಾ ಪ್ರಬಂಧಕ್ಕೆ. ಅಂಥವು ಅಂತರ್ಜಾಲದಲ್ಲಿ ಇರಲೇಬೇಕೆಂದಿಲ್ಲ. ಪತ್ರಿಕೆ, ದಿನಾಂಕ, ಪುಟಸಂಖ್ಯೆ ಕೊಟ್ಟರೆ ಸಾಕು.

ನಮ್ಮ ಕಡೆಯವರಿಗೇ ಎದುರಾಗುವ ತೊಡಕೊಂದಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಹರಿಹರ, ಜಗಳೂರು ಚಿತ್ರದುರ್ಗಕ್ಕೆ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು. ಹಳೆಯ ಪುಸ್ತಕದಲ್ಲಿ ಒಂದು ಜಿಲ್ಲೆ, ಹೊಸ ವರದಿಯಲ್ಲಿ ಇನ್ನೊಂದು ಕಂಡರೆ ತಪ್ಪೆಂದು ತಿದ್ದುವವರು ಬಂದೇ ಬರುತ್ತಾರೆ. ‘ಹರಿಹರ, ಆಗಿನ ಚಿತ್ರದುರ್ಗ ಜಿಲ್ಲೆ’ ಎಂದೇ ಬರೆಸಿ.

ಪ್ರಶ್ನೆ: ನಮ್ಮ ತಂದೆ ಲೇಖಕರು. ಅವರ ಪುಟದಲ್ಲಿ ಜನ್ಮದಿನ ಜೂನ್ 1 ಎಂದಿದೆ. ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಜಾತಕ ಕೊಟ್ಟರೆ ಒಪ್ಪುತ್ತಾರೆಯೇ?
— ಓದುಗರು, ಚಿತ್ರದುರ್ಗ

ಉತ್ತರ: ಒಪ್ಪುವುದಿಲ್ಲ. ಜಾತಕವಾಗಲಿ, ಶಾಲಾ ದಾಖಲೆಯಾಗಲಿ ಪ್ರಕಟವಾದ ಆಧಾರವಲ್ಲ. ಆಧಾರ್ ಕಾರ್ಡಿನ ಚಿತ್ರವನ್ನಂತೂ ಅಪ್ಪಿತಪ್ಪಿಯೂ ಏರಿಸಬೇಡಿ. ತಂದೆಯವರೇ ತಮ್ಮ ಪುಸ್ತಕದ ಮುನ್ನುಡಿಯಲ್ಲೋ ಸಂದರ್ಶನದಲ್ಲೋ ದಿನಾಂಕ ಹೇಳಿದ್ದರೆ ಅದನ್ನು ಚರ್ಚೆ ಪುಟದಲ್ಲಿ ತೋರಿಸಿ. ವಿವಾದವಿಲ್ಲದ ಸ್ವಂತ ವಿವರಕ್ಕೆ ಅವರ ಮಾತೇ ನಡೆಯುತ್ತದೆ. ಇಲ್ಲವಾದರೆ ಬರೀ ಇಸವಿ ಇಟ್ಟರೆ ಸಾಕೆಂದು ಕೇಳಿಕೊಳ್ಳಿ. ಬದುಕಿರುವವರ ವಿಷಯದಲ್ಲಿ ಈ ಬೇಡಿಕೆಗೆ ಬೆಲೆಯಿದೆ.

ಜೂನ್ 1ಕ್ಕೆ ಯಾವುದೋ ಪತ್ರಿಕೆಯನ್ನು ಉಲ್ಲೇಖಿಸಿದ್ದರೆ, ಪುಟದ ‘ಇತಿಹಾಸ’ ತೆರೆದು ಆ ದಿನಾಂಕ ಲೇಖನಕ್ಕೆ ಸೇರಿದ್ದು ಯಾವಾಗ ಎಂದು ನೋಡಿ. ವರದಿ ಅದರ ನಂತರದ್ದಾದರೆ, ವರದಿಗಾರರೇ ವಿಕಿಪೀಡಿಯ ನೋಡಿ ಬರೆದಿರುವ ಸಾಧ್ಯತೆ ಹೆಚ್ಚು. ತಾನೇ ಹೇಳಿದ್ದಕ್ಕೆ ತಾನೇ ಸಾಕ್ಷಿ! ಜೂನ್ 1 ಲೇಖನಕ್ಕೆ ಸೇರಿದ ದಿನ, ವರದಿ ಬಂದ ದಿನ ಎರಡನ್ನೂ ಚರ್ಚೆ ಪುಟದಲ್ಲಿ ಇಟ್ಟರೆ ಆ ಉಲ್ಲೇಖ ನಿಲ್ಲುವುದು ಕಷ್ಟ.

ಪ್ರಶ್ನೆ: ಹಣ ಕೊಟ್ಟರೆ ನಮ್ಮ ಅಣ್ಣನ ಲೇಖನ ಅಳಿಸದಂತೆ ನೋಡಿಕೊಳ್ಳುತ್ತೇವೆ ಎಂದು ಒಬ್ಬರು ಫೋನ್ ಮಾಡಿದ್ದಾರೆ. ನಂಬಬಹುದೇ?
— ಓದುಗರು, ಹೊಳಲ್ಕೆರೆ

ಉತ್ತರ: ಬೇಡ. ವಿಕಿಪೀಡಿಯದಲ್ಲಿ ಯಾವ ನಿರ್ವಾಹಕರೂ ಶುಲ್ಕ ಪಡೆಯುವುದಿಲ್ಲ. ಹಣ ಪಡೆದು ಬರೆಯುವವರು ಯಾರಿಂದ ಪಡೆದರೆಂದು ಬಹಿರಂಗವಾಗಿ ಹೇಳಬೇಕೆಂಬ ನಿಯಮ 2014ರಿಂದ ಇದೆ. ಇಂಥದೇ ವಸೂಲಿ ದಂಧೆಗಾಗಿ 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಒಂದೇ ಬಾರಿಗೆ 381 ಖಾತೆಗಳನ್ನು ಮುಚ್ಚಿಸಿತು. ಆ ಖಾತೆಗಳು ಬರೆದ ಲೇಖನಗಳನ್ನೂ ಅಳಿಸಲಾಯಿತು.